ಹಾಡು ಹಾಕದ ಕ್ಯಾಸೆಟ್ಟು

ಹಳೇ ಹುಬ್ಬಳ್ಳಿಯ ಕಮರುದ್ದೀನನ ವಿಡಿಯೋ ಅಂಗಡಿಗೆ ಹಳೆಯ ಮದುವೆ ಹುಡುಕಿಕೊಂಡು ಬರುವವರು ಯಾರೂ ತಾರೀಖು ಹೇಳುತ್ತಿರಲಿಲ್ಲ. ಗಾಳಿಗೆ ಹಂದರ ಹಾರಿಹೋಯಿತಲ್ಲ, ಆ ಮದುವೆ ಅನ್ನುತ್ತಿದ್ದರು. ಬೀಗರು ಸಿಟ್ಟಾಗಿ ಊಟ ಬಿಟ್ಟು ಟ್ರ್ಯಾಕ್ಸ್ ಗಾಡಿಯಲ್ಲಿ ಹೋಗಿ ಕೂತಿದ್ದರಲ್ಲ, ಅದು ಅನ್ನುತ್ತಿದ್ದರು. ಕಮರುದ್ದೀನ ಗಡ್ಡದೊಳಗೆ ಬೆರಳಾಡಿಸುತ್ತ ಕಪಾಟಿನ ಮುಂದೆ ನಿಂತು ಯಾವುದೋ ಒಂದು ಕ್ಯಾಸೆಟ್ಟು ಎಳೆದು ಕೊಡುತ್ತಿದ್ದ. ಎಷ್ಟೋ ಸಲ ಅದು ಅವರದೇ ಆಗಿರುತ್ತಿತ್ತು. ಆಗದಿದ್ದರೆ ಅವರು ಮನೆಗೆ ಹೋಗಿ, ಚಹಾ ಮಾಡಿಕೊಂಡು, ನೆರೆಮನೆಯವರನ್ನೂ ಕರೆದು ಕೂಡಿಸಿಕೊಂಡು, ಅರ್ಧ ಮದುವೆ ನೋಡಿದ ಮೇಲೆ ಮದುಮಗ ನಮ್ಮವನಲ್ಲ ಎಂದು ಗೊತ್ತಾಗಿ, ಆದರೂ ಊಟದ ಪಂಕ್ತಿಯವರೆಗೆ ನೋಡಿಯೇ ಮರುದಿನ ತಂದು ಕೊಡುತ್ತಿದ್ದರು. ಯಾರದಾದರೇನು, ಮದುವೆ ಮದುವೆಯೇ.

ಈ ಪದ್ಧತಿ ನಿಲ್ಲಿಸಿದವಳು ಕಾವೇರಿ. ಅವಳು ಅಂಗಡಿ ಸೇರಿದ್ದು ಕಂಪ್ಯೂಟರು ಬಂದ ವರ್ಷ, ಎರಡು ಸಾವಿರದ ಮೂರರಲ್ಲಿ. ಹಳೆಯ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಿ ಓಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಬೇಡಾದದ್ದನ್ನು ಕತ್ತರಿಸಿ, ಸಿನಿಮಾ ಹಾಡು ಕೂಡಿಸಿ ಸಿ.ಡಿ. ಮಾಡಿಕೊಡುವುದು ಅವಳ ಕೆಲಸ. ಇಳಿಸಿದ್ದಕ್ಕೆ ಹೆಸರಿಡುವ ಕ್ರಮವನ್ನೂ ಅವಳೇ ಹಾಕಿದಳು. ಮೊದಲು ಗಂಡಿನ ಮನೆತನ, ಆಮೇಲೆ ಊರು. ತಾರೀಖಿನ ಮೇಲೆ ಇಡುವ ಹಾಗಿರಲಿಲ್ಲ. ಆ ಕಂಪ್ಯೂಟರಿನೊಳಗೆ ಗಡಿಯಾರ ನಡೆಸುವ ಸಣ್ಣ ಬ್ಯಾಟರಿ ಸತ್ತುಹೋಗಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಹಿಂದಕ್ಕೆ ನಡೆದು 2002ರ ಜನವರಿ ಒಂದಕ್ಕೆ ನಿಲ್ಲುತ್ತಿತ್ತು. ನಮ್ಮ ಕಡೆಯ ಕರೆಂಟಿನ ಸಂಗತಿ ಹೇಳುವುದೇ ಬೇಡ. ಹೀಗಾಗಿ ಹಳೇ ಹುಬ್ಬಳ್ಳಿಯ ಮದುವೆಗಳಲ್ಲಿ ಮುಕ್ಕಾಲು ಪಾಲು ಅದೊಂದೇ ದಿನ ಆದ ಹಾಗೆ ಕಂಪ್ಯೂಟರಿನಲ್ಲಿ ಕೂತಿದ್ದವು. “ಒಂದ ಬ್ಯಾಟರಿ ತರ್ರಿ ಚಾಚಾ,” ಅಂತ ಕಾವೇರಿ ಹೇಳುತ್ತಲೇ ಇದ್ದಳು. “ತರೂನಂತ, ಓಡಾಕತ್ತೈತಲ್ಲ,” ಅಂತ ಕಮರುದ್ದೀನ ಅನ್ನುತ್ತಲೇ ಇದ್ದ.

ಹುಡುಕುವ ಜಾಗ ತೆರೆದರೆ ಪರದೆಯ ಮೂಲೆಯಲ್ಲಿ ಒಂದು ಹಳದಿ ಕಾರ್ಟೂನು ನಾಯಿ ಬಂದು ಕೂಡುತ್ತಿತ್ತು. ಮನೆತನದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಗುಂಡಿ ಒತ್ತಿದರೆ ಅದು ಹುಡುಕಾಟಕ್ಕೆ ಹತ್ತುತ್ತಿತ್ತು. ಬಂದ ಗಿರಾಕಿಗಳು ಮದುವೆಗಿಂತ ಹೆಚ್ಚಾಗಿ ನಾಯಿಯನ್ನೇ ನೋಡುತ್ತಿದ್ದರು.

ಎರಡು ಸಾವಿರದ ಐದರ ಶ್ರಾವಣದಲ್ಲಿ ಒಂದು ದಿನ ದ್ಯಾಮಣ್ಣ ಬಂದ. ಓಣಿಯ ಬಾಯಿಗೆ ಬಾಳೆಹಣ್ಣಿನ ಗಾಡಿ ಹಚ್ಚುವವನು.

“ಯವ್ವಾ ತಂಗಿ, ನಮ್ಮ ಈರವ್ವನ ಮದುವಿ ಒಂದ ಸಿ.ಡಿ. ಮಾಡಿ ಕೊಡ. ಮೊಮ್ಮಗ ನೋಡಬೇಕಂತ ಜೀವಾ ತಿನ್ನಾಕತ್ತಾನ.”

“ಗಂಡಿನ ಮನೆತನ ಹೇಳ್ರಿ ಕಾಕಾ.”

“ಗಂಡಿಂದ್ಯಾಕ? ಮದುವಿ ಮಾಡಿ ಕೊಟ್ಟಾಂವ ನಾನು.”

“ಗಂಡಿನ ಹೆಸರಿನ ಮ್ಯಾಲ ಇಟ್ಟೇನ್ರಿ ಎಲ್ಲಾ.”

“ಹಂಗಾದ್ರ ಆಗೂದಿಲ್ಲ ಬಿಡು. ಆ ಮನೆತನದ ಹೆಸರ ಬಾಯಾಗ ತರಂಗಿಲ್ಲಂತ ಆಣಿ ಮಾಡೇನಿ.”

ಕಮರುದ್ದೀನ ಕ್ಯಾಮೆರಾ ಒರೆಸುತ್ತಿದ್ದವನು ತಲೆ ಎತ್ತಿದ. “ನಾಯಿ ಕಿವ್ಯಾಗ ಹೇಳೋ ದ್ಯಾಮಾ. ನಾಯಿಗೆ ಹೇಳಿದ್ರ ಆಣಿ ಮುರಿಯಂಗಿಲ್ಲ.”

“ನಿನ್ನ ಕಿವ್ಯಾಗ ಹೇಳತೇನಿ ತಗೋ, ಎರಡೂ ಒಂದ.”

ಇಬ್ಬರೂ ನಕ್ಕರು. ಕಾವೇರಿಯೂ ನಗಬೇಕೆಂದು ತುಟಿ ಅಗಲಿಸಿದಳು. ತುಟಿ ಅಗಲವಾಯಿತು, ಅಷ್ಟೇ. ಅವ್ವ ಸತ್ತ ಮೇಲೆ ಹೀಗೇ ಆಗಿತ್ತು. ನಗು, ಹಸಿವು, ಅಳು ಎಲ್ಲವೂ ಎಲ್ಲಿರಬೇಕೋ ಅಲ್ಲಿವೆ, ಆದರೆ ಬಾಗಿಲು ತೆರೆದು ಹೊರಗೆ ಬರುತ್ತಿಲ್ಲ ಅನ್ನುವ ಹಾಗೆ. ಆಷಾಢದ ಕೊನೆಗೆ ಒಂದು ಮುಂಜಾನೆ ಅವಳವ್ವ ಫಕೀರವ್ವ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ. ಮಣ್ಣು ಮಾಡಿ ಬಂದದ್ದು, ದಿನ ಮಾಡಿದ್ದು, ಮಂದಿ ಬಂದದ್ದು ಹೋದದ್ದು, ಎಲ್ಲವೂ ಕಾವೇರಿಗೆ ಯಾರದೋ ಕ್ಯಾಸೆಟ್ಟನ್ನು ಜೋರಾಗಿ ಓಡಿಸಿ ನೋಡಿದಂತೆ ಇತ್ತು. ಆಮೇಲೆ ಅವಳು ಕೆಲಸಕ್ಕೆ ಬಂದಳು. ಮನೆಯಲ್ಲಿ ಕೂತು ಮಾಡುವುದೇನು.

ದ್ಯಾಮಣ್ಣ ಕಾಗದದ ಚೂರಿನ ಮೇಲೆ ಮನೆತನದ ಹೆಸರು ಗೀಚಿ ಕೊಟ್ಟ. ನಾಯಿ ಮದುವೆ ತಂದು ಕೊಟ್ಟಿತು, ಕಾವೇರಿ ಸಿ.ಡಿ. ಮಾಡಿಕೊಟ್ಟಳು. ಅವನು ಹೋಗುವಾಗ ತಿರುಗಿ ನಿಂತ.

“ನಿಮ್ಮವ್ವ ಹ್ವಾದ್ಲಂತ ಮೊನ್ನೆ ಗೊತ್ತಾತವಾ. ನಮ್ಮ ಈರವ್ವನ ಮದುವ್ಯಾಗ ರೊಟ್ಟಿ ಬಡದಾಕಿ ಅಕೀನ. ಬೀಗರು ಹೋಳಿಗಿ ಬಿಟ್ಟು ರೊಟ್ಟಿ ಕೇಳಿದ್ರು ನೋಡು. ಎಂಥಾ ಕೈ, ಎಂಥಾ ಮಾತು!”

ಎಂಥಾ ಮಾತು. ದ್ಯಾಮಣ್ಣ ಹೋದ ಮೇಲೂ ಕಾವೇರಿ ಅದನ್ನೇ ಹಿಡಿದುಕೊಂಡು ಕೂತಳು. ಅವ್ವನ ಮಾತುಗಳು ನೆನಪಿದ್ದವು. ಏಳು, ನೀರು ಕಾದಾವು. ಛತ್ರಿ ತಗೊಂಡ ಹೋಗು. ಆದರೆ ದನಿ? ಅವಳು ಕಣ್ಣು ಮುಚ್ಚಿ, ಅವ್ವ ತನ್ನನ್ನು ಕರೆದಂತೆ ಮನಸ್ಸಿನಲ್ಲೇ ಕರೆಸಿ ನೋಡಿದಳು. ಪಕ್ಕದ ಮನೆಯ ಅಕ್ಕವ್ವನ ದನಿಯಲ್ಲಿ ಕರೆ ಬಂತು. ಇನ್ನೊಮ್ಮೆ ಕರೆಸಿದಳು. ಮತ್ತೆ ಅಕ್ಕವ್ವ. ಮೂರು ವಾರದಲ್ಲಿ ಅವ್ವನ ದನಿ ಎಲ್ಲೋ ಬಿದ್ದುಹೋಗಿತ್ತು. ಅದು ಗೊತ್ತಾದಾಗ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ.

ಮನೆಯಲ್ಲಿ ಅವ್ವನದು ಅಂತ ಇದ್ದದ್ದು ಮತದಾನದ ಗುರುತಿನ ಚೀಟಿಯ ಮೇಲಿನ ಫೋಟೋ ಒಂದೇ. ಅದರಲ್ಲಿ ಎಲ್ಲರೂ ಕಳ್ಳರ ಹಾಗೆ ಕಾಣುವಂತೆ ಅವ್ವನೂ ಕಂಡಿದ್ದಳು. ಗಂಡ ಸತ್ತವಳು, ಮದುವೆಮನೆಯ ಮುಂಬಾಗಿಲ ಕಡೆ ಯಾವತ್ತೂ ಬಂದವಳಲ್ಲ. ಹಿತ್ತಲಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿದು, ಹಿತ್ತಲ ಬಾಗಿಲಿಂದಲೇ ಮನೆಗೆ ಬರುವವಳು. ಆದರೂ ಕಮರುದ್ದೀನ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹೋದ ಎಷ್ಟು ಮದುವೆಗಳಲ್ಲಿ ಅವಳ ಒಲೆ ಉರಿದಿಲ್ಲ!

ಕಾವೇರಿ ಈರವ್ವನ ಮದುವೆ ತೆರೆದು ಮೊದಲಿಂದ ನೋಡಿದಳು. ಅರಿಷಿಣ ಬಂತು, ಅಕ್ಷತೆ ಬಂತು, ಬೀಗರು ಅಪ್ಪಿಕೊಂಡರು. ಪಂಕ್ತಿಯಲ್ಲಿ ಬುಟ್ಟಿ ತುಂಬ ರೊಟ್ಟಿ ಬಂತು. ರೊಟ್ಟಿ ಎಲ್ಲಿಂದ ಬಂತು ಅನ್ನುವುದು ಮಾತ್ರ ಇರಲಿಲ್ಲ. ಇರುವುದು ಹೇಗೆ? ಕತ್ತರಿಸಿ ತೆಗೆದವಳು ತಾನೇ. “ಅರಿಷಿಣ, ಅಕ್ಷತಾ, ಬೀಗರು, ಊಟ, ಇಷ್ಟ ಇಡು. ಒಲಿ, ಅಡಿಗಿ, ಹೊಗಿ ಎಲ್ಲಾ ಕಟ್ ಮಾಡು, ಡಿಸ್ಕಿನ್ಯಾಗ ಜಾಗಾ ಇಲ್ಲ,” ಅಂತ ಕಮರುದ್ದೀನ ಮೊದಲ ದಿನವೇ ಕಲಿಸಿದ್ದ. ಅವಳು ಶಾಣ್ಯಾಳ ಹಾಗೆ ಕಲಿತಿದ್ದಳು. ಒಲೆ ಕಂಡ ಕೂಡಲೆ, ಸರಿಯಾಗಿ ನೋಡದೆಯೂ ಕತ್ತರಿಸುತ್ತಿದ್ದಳು. ನೋಡುವುದೇನು, ಆ ಒಲೆಯವಳು ಸಂಜೆ ಮನೆಯಲ್ಲಿ ಸಿಗುತ್ತಿದ್ದಳಲ್ಲ. ಉಳಿದದ್ದರ ಸದ್ದನ್ನೂ ಒರೆಸಿ ಮೇಲೆ ಹಾಡು ಹಾಕುತ್ತಿದ್ದಳು. “ಹಾಡ ಯಾವದ ಹಾಕ್ತಿ?” ಅನ್ನುವುದು ಕಮರುದ್ದೀನ ಪ್ರತಿ ಮದುವೆಗೂ ತಪ್ಪದೆ ಕೇಳುವ ಪ್ರಶ್ನೆ.

ಸುಮ್ಮನೆ, ಮಾಡಿ ನೋಡೋಣವೆಂದು ಅವಳು ನಾಯಿಯನ್ನು ಕರೆದು ಅವ್ವನ ಹೆಸರು ಬರೆದಳು. ಫಕೀರವ್ವ. ನಾಯಿ ಮೂಸಿತು, ಕೆದರಿತು, ಕೂತಿತು. ಏನೂ ಇಲ್ಲ ಅಂದಿತು. ಅದಾದರೂ ಏನು ಮಾಡೀತು.

“ಚಾಚಾ, ಈರವ್ವನ ಮದುವಿ ಅಸಲ್ ಕ್ಯಾಸೆಟ್ ಐತೇನ್ರಿ? ನೀವು ಹಿಡದದ್ದು, ಕಟ್ ಮಾಡಲಾರದ್ದು?”

“ಎಲ್ಲಿದು! ಕಂಪ್ಯೂಟರಿಗೆ ಇಳಿಸಿದ ಮ್ಯಾಲ ಅದರ ಮ್ಯಾಲ ಮತ್ತ ಇನ್ನೊಂದ ಮದುವಿ ಹಿಡದಿರ್ತೇನಿ. ಆ ಮೂಲಿ ಚೀಲದಾಗ ಒಂದಿಷ್ಟ ಅಸಲ್ ಅದಾವ ನೋಡು. ಹೆಸರಿಲ್ಲ, ಊರಿಲ್ಲ. ನಾಳೆ ಮಕ್ತುಮಸಾಬ ಬಂದ ಒಯ್ತಾನ.” ಮಕ್ತುಮಸಾಬ ಗುಜರಿಯವನು. “ಯಾಕ, ದ್ಯಾಮಣ್ಣಗ ಸಿ.ಡಿ. ಸರಿ ಬರವಲ್ದೇನು?”

“ಹಂಗಲ್ರಿ. ನಮ್ಮವ್ವನ ದನಿ ನೆನಪಾಗವಲ್ದು.”

ಅವಳು ಅದನ್ನು ಪ್ರಿಂಟರಿನ ಶಾಯಿ ಮುಗಿದಿದೆ ಅಂದ ಹಾಗೆ ಅಂದಳು. ಕಮರುದ್ದೀನ ಒರೆಸುವ ಅರಿವೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.

“ಬೇಟಿ, ಒಂದ ಮಾತ ಹೇಳತೇನಿ ಕೇಳು. ನಾ ಮದುವಿಗೆ ಹೋಗೂದ ನಸುಕಿನ್ಯಾಗ. ಮಂದಿ ಎದ್ದಿರಂಗಿಲ್ಲ, ಮದಮಗಳ ಎದ್ದಿರಂಗಿಲ್ಲ. ಎಚ್ಚರಿರೂದಂದ್ರ ಒಲಿ ಒಂದ. ಅಲ್ಲೇ ಹೋಗಿ ಕ್ಯಾಮೆರಾ ಚಾಲೂ ಮಾಡಿ, ಲೈಟ ಸರಿ ಬಂತೋ ಇಲ್ಲೋ ನೋಡಿ, ಒಂದ ಕಪ್ ಚಹಾ ಕುಡದ ಮ್ಯಾಲ ಮುಂದಿನ ಕೆಲಸ. ಯಾವ ಮದುವಿ ಆದ್ರೂ ಹಂಗ. ಕ್ಯಾಸೆಟ್ಟಿನ ತಲಿಮ್ಯಾಲೇ ಒಲಿ ಇರ್ತೈತಿ. ಎಲ್ಲಾ ನೋಡೂದ ಬ್ಯಾಡ. ಹಿಂದಕ ಸುತ್ತಿ, ಮೊದಲಿನ ಚೂರಷ್ಟ ನೋಡು.”

ಸಂಜೆ ಮನೆಗೆ ಹೋದಾಗ ಅಕ್ಕವ್ವ ಅವಳ ಹೊಸ್ತಿಲ ಮೇಲೇ ಕೂತಿದ್ದಳು, ಮಡಿಲಲ್ಲಿ ಮುಚ್ಚಿದ ತಾಟು.

“ಉಂಡೆಯೇನು?”

“ಉಂಡೇನಿ.”

“ಸುಳ್ಳ ಹೇಳತಿ, ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು. ತಗೋ, ಝುಣಕಾ ಮಾಡೇನಿ. ಅಲ್ಲ ಕಾವೇರಿ, ಒಮ್ಮೆರೆ ಅತ್ತ ಬಿಡವಾ. ಓಣ್ಯಾಗ ಮಂದಿ ಏನೇನರೆ ಅಂತಾರ.”

“ಬರವಲ್ದು ಅಕ್ಕವ್ವಾ.”

“ಬರವಲ್ದು ಅಂದ್ರ? ಅದೇನ ಬಸ್ಸೇನು, ಬರೂದು ಬಿಡೂದು?” ಅಂದು ಅಕ್ಕವ್ವ ತಾನೇ ಮೂಗು ಒರೆಸಿಕೊಂಡಳು. ಕಾವೇರಿ ಅವಳ ದನಿಯನ್ನು ಗಮನವಿಟ್ಟು ಕೇಳಿದಳು. ಇದು ಅಕ್ಕವ್ವನದು, ಅವ್ವನದಲ್ಲ. ಬೇರೆ ಮಾಡಿ ಇಡಬೇಕು.

ಮರುದಿನ ಅಂಗಡಿಯ ಕದ ತೆಗೆದವಳೇ ಚೀಲ ಸುರುವಿದಳು. ಕರಿ ಕ್ಯಾಸೆಟ್ಟುಗಳು ನೆಲದ ಮೇಲೆ ಬಿದ್ದವು. ಎಲ್ಲವೂ ಒಂದೇ ಥರ, ಒಂದಕ್ಕೂ ಚೀಟಿಯಿಲ್ಲ. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಅವನ್ನು ಹಾಕಿದರೆ ವಿಸಿಆರ್ ಕೆಮ್ಮುತ್ತಿತ್ತು. ಒಂದರಲ್ಲಿ ಕಮರುದ್ದೀನ ಟಿ.ವಿ.ಯಿಂದ ಹಿಡಿದಿಟ್ಟುಕೊಂಡ ಕ್ರಿಕೆಟ್ಟು ಬಂತು. “ಅದನ್ನ ಕೊಡಬ್ಯಾಡ, ಬಾಜೂಕ ಇಡು,” ಅಂತ ಅವನು ಒಳಗಿಂದಲೇ ಕೂಗಿದ.

ಉಳಿದವುಗಳ ತಲೆಯಲ್ಲಿ, ಅವನು ಹೇಳಿದ ಹಾಗೇ, ಒಲೆ ಇತ್ತು. ಮೊದಲು ಪರದೆಯೆಲ್ಲ ಬೆಳ್ಳಗೆ ಕುಣಿದು, ಆಮೇಲೆ ನಸುಕಿನ ಕತ್ತಲು, ಹೊಗೆ, ಬೆಂಕಿ, ಸೆರಗು ಮುಂದೆ ಎಳೆದುಕೊಂಡ ಬೆನ್ನುಗಳು. ದೀಪ ತಮ್ಮ ಕಡೆ ತಿರುಗಿದ ಕೂಡಲೆ ಹೆಂಗಸರೆಲ್ಲ ಅತ್ತ ತಿರುಗಿಬಿಡುತ್ತಿದ್ದರು. ಬೆನ್ನು ನೋಡಿ ಯಾರೆಂದು ಹೇಳುವುದು? ಹಳೆಯ ಟೇಪು, ಮುಖವಿದ್ದರೂ ತಿಳಿಯದಷ್ಟು ಮಸುಕು.

ಒಂದೆರಡು ನೋಡಿದ ಮೇಲೆ ಕಾವೇರಿ ನೋಡುವುದನ್ನು ಬಿಟ್ಟಳು. ಕಣ್ಣು ಮುಚ್ಚಿ ಕೇಳತೊಡಗಿದಳು.

ಸಣ್ಣವಳಿದ್ದಾಗ ಅವ್ವ ಅವಳನ್ನು ಮದುವೆಮನೆಗಳಿಗೆ ಕರೆದುಕೊಂಡು ಹೋಗಿ ಜೋಳದ ಹಿಟ್ಟಿನ ಚೀಲದ ಮೇಲೆ ಮಲಗಿಸುತ್ತಿದ್ದಳು. ಅಲ್ಲಿ ಕಣ್ಣು ಮುಚ್ಚಿಕೊಂಡೇ ಅವಳಿಗೆ ಅವ್ವ ಎಲ್ಲಿ ಕೂತಿದ್ದಾಳೆಂದು ಗೊತ್ತಾಗುತ್ತಿತ್ತು. ಸಾಲಾಗಿ ಕೂತ ಹೆಂಗಸರು ರೊಟ್ಟಿ ಬಡಿಯುವಾಗ ಒಂದೊಂದು ಏಟಿಗೂ ಕೈತುಂಬಿದ ಹಸಿರು ಬಳೆ ಝಲ್ಲೆನ್ನುತ್ತಿದ್ದವು. ಅವ್ವನ ಕೈಯಲ್ಲಿ ಬಳೆ ಇರಲಿಲ್ಲ. ಅವಳ ರೊಟ್ಟಿ ಬರೀ ಕೈಯ ಸದ್ದು. ಪಟಪಟ, ಪಟಪಟ, ತಿರುವಿ ಹಾಕುವಾಗ ಒಂದು ಚೂರು ತಡೆ, ಮತ್ತೆ ಪಟಪಟ. ಬಳೆಗಳ ಗದ್ದಲದ ನಡುವೆ ಆ ಬರಿಗೈ ಸದ್ದು ಹಿಡಿದುಕೊಂಡು ಅವಳು ನಿದ್ದೆ ಹೋಗುತ್ತಿದ್ದಳು.

ಒಂದು ಕ್ಯಾಸೆಟ್ಟು ಹಾಕಿದಳು. ಬಳೆ, ಬಳೆ, ಎಲ್ಲ ಕೈಗೂ ಬಳೆ. ತೆಗೆದಳು. ಇನ್ನೊಂದು. ಇದರಲ್ಲಿ ಬ್ಯಾಂಡಿನವರು ನಸುಕಿನಲ್ಲೇ ವಾದ್ಯ ಹದ ಮಾಡುತ್ತಿದ್ದರು, ಏನೂ ಕೇಳಲಿಲ್ಲ. ತೆಗೆದಳು. ಕಮರುದ್ದೀನನ ಹೆಂಡತಿ ರೆಹಮತ್‌ಬಿ ಚಹಾ ತಂದಿಟ್ಟು, ಕಣ್ಣು ಮುಚ್ಚಿ ಕೂತವಳನ್ನು ನೋಡಿ, ಮಾತಾಡಿಸದೆ ಹೋದಳು. ಚಹಾ ಆರಿತು.

ಮಧ್ಯಾಹ್ನ ಮಕ್ತುಮಸಾಬ ಕೈಗಾಡಿ ತಂದು ನಿಲ್ಲಿಸಿದ. “ಏನವಾ ಕಾವೇರಿ, ನಂದೆಲ್ಲಾ ಮಾಲು ನೆಲದಾಗ ಹಾಸಿ ಇಟ್ಟೀಯಲ್ಲ. ಮಾರಾಟಕ್ಕ ಇಟ್ಟೀಯೋ ಏನು?”

“ಕುಂಡ್ರು ಮಕ್ತುಮ, ಬಾಯಿ ಮುಚ್ಚು,” ಅಂದ ಕಮರುದ್ದೀನ.

“ಬಾಯಿ ಮುಚ್ಚಿ ಚಹಾ ಹ್ಯಾಂಗ ಕುಡೀಲಿ?”

“ಚಹಾ ಬರೂತನಕ ಮುಚ್ಚು.”

ಮಕ್ತುಮಸಾಬ ಖಾಲಿ ಚೀಲದ ಮೇಲೆ ಕೂತ. ಯಾಕೆ, ಏನು ಅಂತ ಕೇಳಲಿಲ್ಲ. ಕಾವೇರಿ ಇನ್ನೊಂದು ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿ, ಕಣ್ಣು ಮುಚ್ಚಿದಳು.

ಗಾಳಿಯ ಸದ್ದು. ಎಲ್ಲೋ ಒಂದು ಹುಂಜ. ಝಲ್, ಝಲ್, ಝಲ್. ಅವುಗಳ ಕೆಳಗೆ, ಸಂತೆಯ ಗದ್ದಲದೊಳಗೆ ಯಾರೋ ಒಬ್ಬರೇ ಬರಿಗಾಲಲ್ಲಿ ನಡೆದು ಹೋದ ಹಾಗೆ, ಪಟಪಟ, ಪಟಪಟ. ಒಂದು ಚೂರು ತಡೆ. ಪಟಪಟ.

ಕಾವೇರಿ ಕಣ್ಣು ತೆರೆಯಲಿಲ್ಲ.

“ಒಂದ ನಿಮಿಷ ಅಕ್ಕಾ, ಲೈಟ ನೋಡಾಕತ್ತೇನಿ.” ಇದು ಕಮರುದ್ದೀನನ ದನಿ, ಈಗಿನದಕ್ಕಿಂತ ಎಳೆಯದು.

ಪಟಪಟ ನಿಂತಿತು.

“ನಂದೇನ ತಗೀತೀಯೋ ತಮ್ಮಾ? ಆ ಕಡೆ ಹೋಗು. ಹೊಗ್ಯಾಗ ನಿನ್ನ ಮಿಷನ್ ಕೆಟ್ಟೀತು.” ಯಾರೋ ನಕ್ಕರು. ಆ ದನಿಯೂ ಚೂರು ನಕ್ಕಿತು. “ಚಹಾ ಅಲ್ಲೇ ಐತಿ ನೋಡು, ಮುಚ್ಚಿಟ್ಟೇನಿ.”

ಅಷ್ಟೇ. ಕ್ಯಾಮೆರಾ ತಿರುಗಿರಬೇಕು, ಬಳೆಯ ಸದ್ದು ದೂರವಾಯಿತು. ಚಹಾ ಸುರಿದುಕೊಂಡ ಸದ್ದು ಬಂತು. ಅದಕ್ಕೂ ಹಿಂದೆ, ಇನ್ನೂ, ಪಟಪಟ.

ಕಾವೇರಿ ಕಣ್ಣು ತೆರೆದಾಗ ಪರದೆಯ ಮೇಲೆ ಒಂದು ಚಹಾದ ಕಿಟ್ಲಿ ಇತ್ತು, ಅದರ ಮೇಲೊಂದು ತಾಟು. ಹಿಂದಕ್ಕೆ ಸುತ್ತಿ ನೋಡಿದಳು. ಕಂದು ಸೀರೆಯ ಬೆನ್ನು, ತಲೆಯ ಮೇಲೆ ಸೆರಗು, ಬೆಂಕಿಯ ಬೆಳಕಿನಲ್ಲಿ ಬರಿಯ ಮುಂಗೈ. ಮುಖವಿಲ್ಲ. ದನಿ ಅವಳು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು, ಹರೆಯದ್ದಾಗಿತ್ತು. ಮತ್ತೊಮ್ಮೆ ಕೇಳಿದಳು. ಆ ಕಡೆ ಹೋಗು. ಮತ್ತೊಮ್ಮೆ. ಈಗ ಅಳು ಬರುತ್ತದೆಂದು ಕಾದಳು. ಎದುರಿಗೆ ಕೂತ ಇಬ್ಬರೂ ಕಾಯುತ್ತಿರುವಂತೆ ಕಂಡಿತು. ಬರಲಿಲ್ಲ. ಏನೋ ಒಂದು ಬಾಗಿಲವರೆಗೆ ಬಂದು, ಹಾಗೇ ನಿಂತಿತು.

“ಅಕೀನ ನಿಮ್ಮವ್ವ,” ಅಂದ ಕಮರುದ್ದೀನ. “ಅಕಿ ಹೋಗು ಅಂದ ಕೂಡಲೆ ನಾ ಹೋಗಿಬಿಟ್ಟೆ ನೋಡು. ಇನ್ನೊಂದೀಟು ನಿಲ್ಲಬೇಕಾಗಿತ್ತು.”

“ಅಕಿ ನಿಂದ್ರಾಕ ಬಿಡತಿದ್ದಿಲ್ರಿ,” ಅಂದಳು ಕಾವೇರಿ.

“ಯಾರ ಮದುವಿ ಇದು?” ಅಂತ ಮಕ್ತುಮಸಾಬ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಟೇಪು ಮುಂದೆ ಓಡಿಸಿದರೆ ಗಂಡು ಬರುತ್ತಿದ್ದ, ಮನೆತನ ತಿಳಿಯುತ್ತಿತ್ತು. ಕಾವೇರಿ ಓಡಿಸಲಿಲ್ಲ. ಆ ಚೂರನ್ನಷ್ಟೇ ಕಂಪ್ಯೂಟರಿಗೆ ಇಳಿಸಿದಳು. ಬಿಳಿ ಕುಣಿತ, ಗಾಳಿ, ಹುಂಜ, ಕಿಟ್ಲಿ, ಏನನ್ನೂ ಕತ್ತರಿಸಲಿಲ್ಲ. ಹೆಸರು ಕೇಳಿತು. ಗಂಡಿನ ಮನೆತನ, ಊರು, ಎರಡೂ ಬಿಟ್ಟು, ಫಕೀರವ್ವ ಅಂತ ಬರೆದಳು. ಆಮೇಲೆ ನಾಯಿಯನ್ನು ಕರೆದು ಅದೇ ಹೆಸರು ಕೊಟ್ಟಳು. ನಾಯಿ ಮೂಸಿತು, ಕೆದರಿತು, ಒಂದೇ ಒಂದು ಸಾಲು ತಂದು ಮುಂದಿಟ್ಟಿತು. ಅದರ ಎದುರಿಗೆ ತಾರೀಖು, 2002ರ ಜನವರಿ ಒಂದು. ಮುಂಜಾನೆ ಕರೆಂಟು ಹೋಗಿ ಬಂದಿತ್ತು. ಅವಳು ತಿದ್ದಲು ಕೈ ಎತ್ತಿದವಳು ಹಾಗೇ ಬಿಟ್ಟಳು. ಆ ಹೊಸ ವರ್ಷದ ದಿನ ಅವ್ವ ಇದ್ದಳು, ಗಾಂಧೀಚೌಕಿಗೋ ಎಲ್ಲಿಗೋ ಹೋಗಿ ಬೋರೆಹಣ್ಣು ತಂದಿದ್ದಳು. ತಂದಿರಬೇಕು.

ಕಮರುದ್ದೀನ ಬಂದು ಅವಳ ಖುರ್ಚಿಯ ಹಿಂದೆ ನಿಂತ. ರೂಢಿಯಂತೆ ಬಾಯಿ ತೆರೆದ. “ಹಾಡ—” ಅಂದವನು ನಿಂತ.

“ಇದಕ್ಕ ಹಾಡ ಹಾಕಬ್ಯಾಡ ಬೇಟಿ,” ಅಂದ.

“ಇಲ್ರಿ.”

ಮಕ್ತುಮಸಾಬ ಎದ್ದು, ಕೂತ ಚೀಲ ಝಾಡಿಸಿ, ನೆಲದ ಮೇಲಿನ ಕ್ಯಾಸೆಟ್ಟುಗಳನ್ನು ನೋಡಿದ. ಕೇಳಿದವಕ್ಕಿಂತ ಕೇಳದವೇ ಹೆಚ್ಚಿದ್ದವು. “ಸಿಕ್ಕಳಲ್ಲ ನಿಮ್ಮವ್ವ. ಉಳದದ್ದ ತುಂಬಲೇನು?”

ಕಾವೇರಿ ಬಗ್ಗಿ ಇನ್ನೊಂದನ್ನು ಎತ್ತಿಕೊಂಡು ಹಿಂದಕ್ಕೆ ಸುತ್ತಲು ಹಚ್ಚಿದಳು. ಮಕ್ತುಮಸಾಬ ಕಮರುದ್ದೀನನ ಮುಖ ನೋಡಿದ, ಕಮರುದ್ದೀನ ಬೀದಿಯ ಕಡೆ ನೋಡಿದ.

“ಆತು ಬಿಡು, ಮುಂದಿನ ವಾರ ಬರ್ತೇನಿ,” ಅಂತ ಮಕ್ತುಮಸಾಬ ಖಾಲಿ ಗಾಡಿ ತಳ್ಳಿಕೊಂಡು ಹೊರಟ. ಸ್ವಲ್ಪ ಹೊತ್ತು ಅದರ ಗಾಲಿಯ ಕಿರಗುಟ್ಟುವಿಕೆ ಕೇಳುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೆ ಕಾವೇರಿ ಕಾದಳು. ಆಮೇಲೆ ಗುಂಡಿ ಒತ್ತಿ, ಕಣ್ಣು ಮುಚ್ಚಿದಳು.